ದೇವು ತಲೆ ಕಪ್ಪಾದ ಮಂಗಳವಾರ

ರಾಜಗೋಪಾಲನಗರ, ಬೆಂಗಳೂರು-58
ಮಂಗಳವಾರ, 17-3-1998, ಸಂಜೆ

ಪ್ರೀತಿಯ ಅಮ್ಮಾ,

ನಿನ್ನ ಜ್ಯೋತಿ ಮಾಡುವ ನಮಸ್ಕಾರ. ಅಪ್ಪನ ಉಸಿರು ಹೇಗಿದೆ? ಮಲಗಿದ ಕೂಡಲೇ ಎದ್ದು ಕೂರುವುದು ಸ್ವಲ್ಪವಾದರೂ ಕಡಿಮೆಯಾಯಿತಾ? ನಿನ್ನ ಮಂಡಿ ಹೇಗಿದೆ? ಆ ಆಸ್ಪತ್ರೆಯ ಮೆಟ್ಟಿಲುಗಳನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಿದ್ದೀಯೋ, ನೆನೆಸಿಕೊಂಡರೆ ನನ್ನ ಮಂಡಿಯೇ ನೋಯುತ್ತದೆ. ವೇಲೂರಿನ ಊಟ ನಿನಗೆ ಸೇರುವುದಿಲ್ಲ ಎಂದು ಗೊತ್ತು. ಹುರಿಹಿಟ್ಟು, ಉಪ್ಪಿನಕಾಯಿ ಕಳಿಸಿದ್ದೇನೆ. ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿಕೊಂಡು ತಿನ್ನು, ಅಪ್ಪನಿಗೆ ಕೊಡಬೇಡ, ಉಪ್ಪು ಹಾಕಿದೆ. ಇಲ್ಲಿ ಹಸು ಚೆನ್ನಾಗಿದೆ, ಕರು ಚೆನ್ನಾಗಿದೆ. ನಾವು ಚೆನ್ನಾಗಿದ್ದೇವೆ ಎಂದು ಬರೆಯಲು ಹೋಗಿ ಕೈ ತಡೆಯಿತು, ಅದನ್ನು ಮುಂದೆ ನೀನೇ ಓದಿ ತೀರ್ಮಾನ ಮಾಡು.

ಈ ಪತ್ರವನ್ನು ನಿನ್ನ ಕೈಗೆ ಕೊಟ್ಟವನು ದೇವುವೇ. ನೀನು ಇದನ್ನು ಪೂರ್ತಿ ಓದಿ ಮುಗಿಸುವ ತನಕ ಅವನನ್ನು ಅಪ್ಪನ ವಾರ್ಡಿನೊಳಗೆ ಬಿಡಬೇಡ. ಗೇಟಿನ ಹತ್ತಿರ ಟೀ ಕುಡಿಯುತ್ತಾ ನಿಂತಿರಲಿ, ಅವನಿಗೆ ಹೇಳಿದ್ದೇನೆ. ನಾನೇ ಎಲ್ಲಾ ಹೇಳ್ತೀನಿ ಬಿಡಕ್ಕ ಎಂದ. ಅವನು ಹೇಳುವುದು ಕಾಲು ಭಾಗ, ನುಂಗುವುದು ಮುಕ್ಕಾಲು ಭಾಗ ಎಂದು ಹೆತ್ತವಳು ನಿನಗೆ ಗೊತ್ತಿಲ್ಲವೇ? ನೀನು ಕೂಡಿಸಿಕೊಂಡು ಓದುವವಳು ಎಂದು ಅಕ್ಷರಗಳನ್ನು ದಪ್ಪಗೆ ಬರೆದಿದ್ದೇನೆ. ಓದುತ್ತಾ ಓದುತ್ತಾ ಅವನ ತಲೆಯ ಕಡೆ ನೋಡಬೇಡ. ಮೊದಲು ಓದು, ಆಮೇಲೆ ನೋಡು.

ಅಮ್ಮಾ, ನಿನ್ನ ಮಗ ತಲೆಗೂದಲಿಗೆ ಬಂಗಾರದ ಬಣ್ಣ ಹಾಕಿಸಿಕೊಂಡಿದ್ದ. ನೀವು ಅತ್ತ ವೇಲೂರಿಗೆ ಹೋದ ವಾರದಲ್ಲೇ ಇತ್ತ ಇವನು ಈ ಘನಕಾರ್ಯ ಮಾಡಿಕೊಂಡು ಬಂದ. ಅವನ ಕುಣಿಯುವ ತಂಡಕ್ಕೆ ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಕಂಪನಿಯವರು ತಮ್ಮ ವಾರ್ಷಿಕೋತ್ಸವಕ್ಕೆ ಬನ್ನಿ ಎಂದು ಕರೆದಿದ್ದರಂತೆ. ಹುಡುಗರೆಲ್ಲ ಒಂದೇ ಥರ ಕಾಣಬೇಕು ಎಂದು ಎಲ್ಲರೂ ತಲೆಗೆ ಅದೇನೋ ಹಚ್ಚಿಕೊಂಡು, ಉರಿ ತಡೆದುಕೊಂಡು ಕೂತು, ಮುಸುಕಿನ ಜೋಳದ ಕೂದಲಿನ ಹಾಗೆ ಹಳದಿ ಮಾಡಿಕೊಂಡರಂತೆ. ಬಾಗಿಲು ತೆಗೆದಾಗ ನಾನು ಯಾರೋ ದಾರಿ ತಪ್ಪಿ ಬಂದ ವಿದೇಶದವನು ಎಂದುಕೊಂಡೆ. ಬಾಯಿಗೆ ಬಂದ ಹಾಗೆ ಬೈದೆ. 'ಅಪ್ಪ ಬರೋ ಹೊತ್ತಿಗೆ ಕಪ್ಪಾಗಿರ್ತದೆ ಬಿಡಕ್ಕಾ, ಯಾಕಿಂಗ್ ಕೂಗಾಡ್ತೀಯ' ಎಂದು ನಗುತ್ತಾ ಒಳಗೆ ಹೋಗಿ ಎರಡು ಮುದ್ದೆ ನುಂಗಿದ. ಅಪ್ಪ ಬರುವುದಕ್ಕೆ ಇನ್ನೂ ತಿಂಗಳಿದೆಯಲ್ಲ ಎಂದು ನಾನೂ ಸುಮ್ಮನಾದೆ.

ಇವತ್ತು ಬೆಳಿಗ್ಗೆ ಚನಬಸಪ್ಪನವರ ಅಂಗಡಿಗೆ ನಿನ್ನ ಫೋನು ಬಂತು. ನಾನು ಹಾಲು ಕರೆಯುವುದನ್ನು ಅರ್ಧಕ್ಕೇ ಬಿಟ್ಟು ಓಡಿಬಂದೆ. ಬೈಪಾಸ್ ಮುಂದಿನ ವಾರ ಅಲ್ಲ, ಈ ಗುರುವಾರವೇ ಎಂದೆ ನೀನು. 'ಗಾಬ್ರಿಯಾಗಂಗಿಲ್ಲ, ಕೋಪ ಬರಂಗಿಲ್ಲ, ಎದೆಗೆ ಏನೂ ತಡ್ಯಕಾಗಲ್ಲ ಅಂದವ್ರೆ ಡಾಕ್ಟ್ರು' ಎಂದೆ. ಆಮೇಲೆ ನಿನ್ನ ದನಿ ಒಡೆಯಿತು. 'ನಿಮ್ಮಪ್ಪ ದೇವೂನ ಕೇಳ್ತಾವ್ರೆ ಕಣೇ. ಒಳಿಕ್ಕೆ ಕರ್ಕಂಡೋಗಕ್ ಮುಂಚೆ ಅವನ್ ತಲೆ ಮ್ಯಾಗೆ ಒಂದ್ಸಲ ಕೈ ಮಡಗ್ಬೇಕಂತೆ. ನಾಳಿಕ್ಕೆ ಬೆಳಗಾಗೋದ್ರೊಳಗೆ ಕಳ್ಸು.' ನಾನು ಹೂಂ ಅಂದೆ. ಬೇರೆ ಏನು ಅನ್ನಲಿ? ಹೊರಡುವ ದಿನ ದೇವು ಕಾಲಿಗೆ ಬಿದ್ದಾಗಲೂ ಅಪ್ಪ ಮುಖ ತಿರುಗಿಸಿಕೊಂಡು ನಿಂತಿದ್ದರು. ಕುಣಿಯುವ ಮಗ ನನಗಿಲ್ಲ ಎಂದಿದ್ದರು. ಲೇತ್ ಮೆಷಿನ್ನಿನ ಮುಂದೆ ನಿಂತು ನೆಟ್ಟಗೆ ದುಡಿಯುವ ಹುಡುಗ ಸಂಜೆಯಾದರೆ ಕುಣಿಯಲು ಹೋಗುತ್ತಾನೆ ಎಂಬುದು ಅವರಿಗೆ ನುಂಗಲಾಗದ ತುತ್ತು. ಅಂಥವರು ತಾವಾಗಿ ತಲೆ ಮೇಲೆ ಕೈ ಇಡಬೇಕು ಎಂದು ಕೇಳಿದ್ದಾರೆ. ಆ ತಲೆ ನೋಡಿದರೆ ಹಳದಿ! ಚನಬಸಪ್ಪನವರ ಅಂಗಡಿಯ ಮುಂದೆ ಅಲ್ಲೇ ಮೂಟೆಯ ಮೇಲೆ ಕುಸಿದು ಕೂತುಬಿಟ್ಟೆ.

ವಿಷಯ ಕೇಳಿ ದೇವುವಿನ ಮುಖ ಬಿಳಿಚಿಕೊಂಡಿತು. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ಎಲ್ಲಿಗೋ ಎಂದರೆ, ನಿಂಗಪ್ಪನ ಮನೆಗೆ, ಬೋಳಿಸಿಕೊಂಡು ಬರುತ್ತೇನೆ ಎಂದ. ನಾನು ಅಡ್ಡ ನಿಂತು ಕೈ ಹಿಡಿದು ಎಳೆದರೂ ಕೊಸರಿಕೊಂಡು ಹೋದ. ನಿಂಗಪ್ಪ ದೊಡ್ಡವನು, ನಮ್ಮ ಮಾನ ಉಳಿಸಿದ. ಮಂಗಳವಾರ ಅಂಗಡಿ ಬಾಗಿಲು ಹಾಕಿಕೊಂಡು ಅಂಗಳದಲ್ಲಿ ಕೂತಿದ್ದವನು ಕತ್ತಿ ಮುಟ್ಟಲಿಲ್ಲವಂತೆ. 'ಅಪ್ಪ ಆಸ್ಪತ್ರೇಲವ್ರೆ, ಇರೋನು ನೀನೊಬ್ನೇ ಗಂಡ್ಮಗ, ನಿನ್ ತಲೆ ಬೋಳ್ಸಿದ್ರೆ ಜನ ಏನ್ ತಿಳ್ಕಂತಾರೆ? ಅದೂ ಮಂಗಳ್ವಾರ! ಓಗ್ ಓಗು' ಎಂದು ಅಟ್ಟಿಬಿಟ್ಟನಂತೆ. ಸರಿಯಾದ ಮಾತು. ಎದೆ ಕೊಯ್ಯಿಸಿಕೊಳ್ಳಲು ಹೋಗುವ ಅಪ್ಪನ ಮುಂದೆ ಇರುವ ಒಬ್ಬ ಮಗ ಬೋಳುತಲೆಯಲ್ಲಿ ನಿಂತರೆ ಆ ಜೀವಕ್ಕೆ ಏನನ್ನಿಸಬೇಡ? ಗಿಡ್ಡಗೆ ಕತ್ತರಿಸೋಣವೆಂದರೆ ಬುಡದವರೆಗೂ ಹಳದಿಯೇ. ಅತ್ತ ದರಿ ಇತ್ತ ಪುಲಿ ಎಂದು ಹಿರಿಯರು ಹೇಳಿದ್ದು ನಮ್ಮ ಮನೆ ನೋಡಿಯೇ ಇರಬೇಕು. ಉಳಿದದ್ದು ಒಂದೇ ದಾರಿ, ಬಸ್ಸಿಗೆ ಹೊರಡುವಷ್ಟರಲ್ಲಿ ಕಪ್ಪು ಮಾಡುವುದು.

ಅಂಗಡಿಯಿಂದ ಕಪ್ಪು ಬಣ್ಣದ ಪೊಟ್ಟಣ ತಂದು ಬಟ್ಟಲಲ್ಲಿ ಕಲಸಿ ಹಚ್ಚಿದೆ. ಕಲಸಿದ್ದು ನಾನು, ಹಚ್ಚಿದ್ದೂ ನಾನು, ಹಾಗಾಗಿ ಮುಂದೆ ನಡೆದದ್ದರಲ್ಲಿ ನನ್ನ ಪಾಲೂ ಇದೆ. ಅವನ ನೆತ್ತಿ ಮೊದಲೇ ಉರಿದು ಸಿಪ್ಪೆ ಎದ್ದಿತ್ತು. ಹಚ್ಚಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ 'ಅಕ್ಕಾ ತಡ್ಯಕಾಗಲ್ಲ, ತೊಳಿಯೇ, ತೊಳಿಯೇ' ಎಂದು ಕುಣಿಯತೊಡಗಿದ. ನಲ್ಲಿಯಲ್ಲಿ ನೀರಿಲ್ಲ, ಹಂಡೆಯ ತಳದಲ್ಲಿ ಎರಡು ಚೊಂಬು. ಅದೂ ಮುಗಿಯಿತು. ಅವನು ಒಗೆಯುವ ಕಲ್ಲಿನ ಹತ್ತಿರ ಪಂಚೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕಣ್ಣಿಗೆ ಇಳಿಯುತ್ತಿದ್ದ ಬಣ್ಣ ಒರೆಸಿಕೊಳ್ಳುತ್ತಾ ಕೂಗುತ್ತಿದ್ದಾನೆ. ಆಗ ನಾನು, ಬೈಯಬೇಡ ಅಮ್ಮಾ, ಹಸುವಿನ ಹಗ್ಗ ಬಿಚ್ಚಿ ಕೊಡಕ್ಕೆ ಕಟ್ಟಿ ಬಾವಿಗೆ ಬಿಟ್ಟೆ. ಆ ಬಾವಿಯ ನೀರು ದನಕ್ಕೂ ಬೇಡ, ಗಿಡಕ್ಕೂ ಬೇಡ ಎಂದು ಅಪ್ಪ ರಾಟೆಯ ಹಗ್ಗವನ್ನೇ ಬಿಚ್ಚಿ ಅಟ್ಟದ ಮೇಲೆ ಹಾಕಿರುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆ ಹೊತ್ತಿಗೆ ನೀರು ಎಂದರೆ ನೀರು ಅಷ್ಟೇ. ಕೊಡದ ಮೇಲೆ ಕೊಡ ಸೇದಿ ಅವನ ತಲೆಗೆ ಸುರಿದೆ.

ಕಪ್ಪು ನೀರು ಹರಿದು ಹೋಯಿತು. ಕೂದಲು ಮಾತ್ರ ಕಪ್ಪಾಗಲಿಲ್ಲ. ಬಿಸಿಲಿಗೆ ತಲೆ ಎತ್ತಿದ ನೋಡು, ಹಸಿರು! ಕೆರೆಯ ಪಾಚಿಯ ಹಸಿರು, ಅಲ್ಲಲ್ಲಿ ಮೈಲುತುತ್ತದ ಹಾಗೆ ನೀಲಿ. ನಾನು ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ. ಅವನು ನನ್ನ ಮುಖ ನೋಡಿ 'ಯಾಕಕ್ಕಾ, ಏನಾಯ್ತು' ಎಂದ. ನನಗೆ ತಡೆಯಲಾಗಲಿಲ್ಲ. ಕೊಡ ಅಲ್ಲೇ ಎಸೆದು, ಸೆರಗು ಬಾಯಿಗೆ ಅಡ್ಡ ಹಿಡಿದು, ಗೋಳೋ ಎಂದು ಅತ್ತುಬಿಟ್ಟೆ. 'ಅಪ್ಪನ ಮುಖ ಹೆಂಗ್ ನೋಡ್ತೀಯೋ, ಎಲ್ಲಾ ಮುಗೀತಲ್ಲೋ ದೇವೂ' ಎಂದು ಕೂಗಿದ್ದೂ ನಿಜ.

ಮೋಟುಗೋಡೆಯ ಆಚೆ ಮಾರಕ್ಕ ಹಪ್ಪಳ ಒಣಹಾಕುತ್ತಿದ್ದಳು. ಅವಳ ಕಣ್ಣಿನಿಂದ ನೀನೇ ಒಮ್ಮೆ ನೋಡು ಅಮ್ಮಾ. ಬೆಳಿಗ್ಗೆ ವೇಲೂರಿನಿಂದ ಫೋನು ಬಂದಿದೆ. ನಾನು ಅಂಗಡಿಯ ಮುಂದೆ ಕುಸಿದು ಕೂತದ್ದನ್ನು ಬೀದಿ ನೋಡಿದೆ. ಆಮೇಲೆ ಮಗ ನಿಂಗಪ್ಪನ ಮನೆಗೆ ಓಡಿದ್ದಾನೆ. ಈಗ ನಡುಹಗಲಿನಲ್ಲಿ ಅದೇ ಮಗ ಒದ್ದೆ ಪಂಚೆಯಲ್ಲಿ ಅಂಗಳದಲ್ಲಿ ತಲೆಗೆ ನೀರು ಸುರಿಸಿಕೊಳ್ಳುತ್ತಿದ್ದಾನೆ, ಮಗಳು ಎದೆ ಬಡಿದುಕೊಂಡು ಅಳುತ್ತಿದ್ದಾಳೆ. ಇನ್ನೇನು ಬೇಕು? 'ಅಯ್ಯೋ ಗೋಪಾಲಣ್ಣಾ, ಇಂಗ್ ನಡು ನೀರಾಗ್ ಬಿಟ್ಟು ಒಂಟೋದ್ಯಲ್ಲಪ್ಪೋ' ಎಂದು ಅಪ್ಪನ ಹೆಸರು ಹಿಡಿದು ರಾಗ ತೆಗೆದೇಬಿಟ್ಟಳು. ನಮ್ಮ ಬೀದಿಯಲ್ಲಿ ಒಂದು ಸಲ ಆ ರಾಗ ಎದ್ದರೆ ಕೇಳುವವರು ಯಾರು? ನಾಲ್ಕು ಮನೆಯ ಹೆಂಗಸರು ಓಡಿ ಬಂದರು. ಹಿಂದಿನ ವಠಾರದ ಬಾಡಿಗೆಯವರು, ಫ್ಯಾಕ್ಟರಿಯ ಎರಡನೇ ಪಾಳಿಗೆ ಹೊರಟಿದ್ದ ಹುಡುಗರು, ಎಲ್ಲರೂ. ಒಬ್ಬಳು ನನ್ನನ್ನು ತಬ್ಬಿಕೊಂಡು ತಲೆ ಸವರುತ್ತಾಳೆ. ಇನ್ನೊಬ್ಬಳು ಜಗಲಿ ಗುಡಿಸಲು ಶುರುಮಾಡಿದ್ದಾಳೆ. ಇಲ್ಲಾ ಕಣ್ರೀ, ಅಪ್ಪ ಚೆನ್ನಾಗವ್ರೆ ಎಂದು ನಾನು ಕೂಗಿದರೆ, ಪಾಪ ದುಃಖಕ್ಕೆ ಹುಡುಗಿಗೆ ಬುದ್ಧಿ ನಿಂತಿಲ್ಲ ಎನ್ನುತ್ತಾರೆ!

ಆಗ ನನಗೆ ಫೋನಿನ ನೆನಪಾಯಿತು. ಯಾರಾದರೂ ಬುದ್ಧಿವಂತರು ನಿಮ್ಮ ಆಸ್ಪತ್ರೆಗೆ ಫೋನು ಮಾಡಿ, ಹೆಣ ಎಷ್ಟು ಹೊತ್ತಿಗೆ ತರುತ್ತೀರಿ ಎಂದು ಕೇಳಿದರೆ? ಅದು ಸುತ್ತಿ ಬಳಸಿ ಅಪ್ಪನ ಕಿವಿಗೆ ಬಿದ್ದರೆ? ಬರಿಗಾಲಲ್ಲಿ ಚನಬಸಪ್ಪನವರ ಅಂಗಡಿಗೆ ಓಡಿದೆ. ಹೋಗಿ ನೋಡಿದರೆ ಅವರು ಕನ್ನಡಕ ಏರಿಸಿಕೊಂಡು ನಂಬರು ತಿರುಗಿಸುತ್ತಲೇ ಇದ್ದರು! ಕೈಯಿಂದ ರಿಸೀವರ್ ಕಿತ್ತುಕೊಂಡು ಕುಕ್ಕಿದೆ. 'ಏನವ್ವಾ ಇದು, ದೊಡ್ಡೋರು ಚಿಕ್ಕೋರು ಅನ್ನೋದಿಲ್ವಾ' ಎಂದು ಅವರಿಗೆ ಸಿಟ್ಟು ಬಂತು. ಆಮೇಲೆ ನಿಜ ಗೊತ್ತಾಗಿ, ಒಂದು ಲೋಟ ನೀರು ಕೊಟ್ಟು, ತಾವೇ ಬಂದು ಬೀದಿಯವರನ್ನೆಲ್ಲ ಗದರಿಸಿ ಕಳಿಸಿದರು. ಮಾರಕ್ಕ ನಾಚಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಪಾಪ, ಅವಳ ತಪ್ಪೇನು. ತಮ್ಮದೇ ಸಾವಿನ ಸುಳ್ಳು ಸುದ್ದಿ ಕೇಳಿದವರಿಗೆ ಆಯಸ್ಸು ಹೆಚ್ಚು ಎಂದು ನನಗೇ ಸಮಾಧಾನ ಹೇಳಿದಳು. ಕೇಳಿದ್ದು ಅಪ್ಪನಲ್ಲವಲ್ಲ ಎಂದೆ. ಅಪ್ಪ ಕೇಳದಿರಲಿ ಎಂದೇ ಅಲ್ಲವೇ ನಾನು ಓಡಿದ್ದು.

ಎಲ್ಲರೂ ಹೋದ ಮೇಲೆ, ಸುಮಾರು ಹೊತ್ತಾದ ಮೇಲೆ, ಗೇಟು ಕಿರುಗುಟ್ಟಿತು. ವೆಂಕಟಪ್ಪ ಚಿಕ್ಕಪ್ಪ! ಓದಿದ್ದು ಸರಿಯಾಗಿಯೇ ಇದೆ, ನಮ್ಮ ಚಿಕ್ಕಪ್ಪನೇ. ತಮ್ಮ ಪಾಲಿನ ಜಮೀನನ್ನು ಕಬ್ಬಿಣಕ್ಕೆ ತಾಮ್ರದ ಲೇಪ ಹಾಕುವ ಆ ಪ್ಲೇಟಿಂಗ್ ಶೆಡ್ಡಿನವರಿಗೆ ಬಾಡಿಗೆಗೆ ಕೊಟ್ಟ ಮೇಲೆ ಈ ಗೇಟು ದಾಟಿದವರಲ್ಲ. ಅರಳಿಕಟ್ಟೆಯ ಪಂಚಾಯ್ತಿ ನಿನಗೆ ನೆನಪಿದೆಯಲ್ಲ. ಶೆಡ್ಡಿನ ಆಸಿಡ್ ನೀರು ಇಂಗಿ ನಮ್ಮ ಬಾವಿ ಕೆಟ್ಟಿದೆ ಎಂದು ಅಪ್ಪ ಲೋಟದಲ್ಲಿ ನೀರು ಹಿಡಿದು ತೋರಿಸಿದ್ದರು. ನೀರಿಗೇನಾಗಿದೆ, ಅಣ್ಣನ ಕಣ್ಣಿಗೇ ಪೊರೆ ಬಂದಿದೆ ಎಂದು ಚಿಕ್ಕಪ್ಪ ಅಂದಿದ್ದರು. ಹಾಗಾದರೆ ಕುಡಿದು ತೋರಿಸು ಎಂದಾಗ ಲೋಟ ಹಿಡಿದುಕೊಂಡು ನಿಂತೇ ಇದ್ದರು, ಕುಡಿಯಲಿಲ್ಲ, ಕೆಳಗೂ ಇಡಲಿಲ್ಲ. ನಾನು ಸತ್ತರೂ ಇವನು ನನ್ನ ಹೆಣ ಮುಟ್ಟಕೂಡದು ಎಂದು ಅಪ್ಪ ಊರ ಮುಂದೆ ಅಂದುಬಿಟ್ಟರು. ಅಂಥ ಚಿಕ್ಕಪ್ಪ ತಲೆಗೆ ಬಿಗಿಯಾಗಿ ಟವೆಲು ಸುತ್ತಿಕೊಂಡು, ಬರಿಮೈಯಲ್ಲಿ, ಏದುಸಿರು ಬಿಡುತ್ತಾ ಅಂಗಳದಲ್ಲಿ ನಿಂತಿದ್ದರು. ಯಾವ ಕಡೆಗೆ ಮಲಗಿಸಿದ್ದೀರಿ ಎನ್ನುವ ಹಾಗೆ ಜಗಲಿಯ ಕಡೆ ನೋಡುತ್ತಿದ್ದರು. ಅವರಿಗೆ ನಿಜ ಸುದ್ದಿ ತಲುಪಿರಲಿಲ್ಲ. ನಾನು ಓಡಿಹೋಗಿ ಕೈ ಹಿಡಿದುಕೊಂಡು, 'ಚಿಕ್ಕಪ್ಪಾ, ಅಪ್ಪ ಅವ್ರೆ, ಚೆನ್ನಾಗವ್ರೆ, ಬೀದಿಯೋರ್ ತಪ್ ತಿಳ್ಕಂಡವ್ರೆ' ಎಂದೆ. ಕೈ ಐಸಿನ ಹಾಗೆ ತಣ್ಣಗಿತ್ತು. ಜಗಲಿಯ ಕಂಬ ಹಿಡಿದುಕೊಂಡು ಹಾಗೇ ಕೂತರು.

ಸುಧಾರಿಸಿಕೊಂಡ ಮೇಲೆ ದೇವುವಿನ ತಲೆ ಕಂಡಿತು. ಇದೇನು ಎಂದರು. ಹೇಳಿದೆ, ಬಂಗಾರದಿಂದ ಹಿಡಿದು ಬಾವಿಯ ತನಕ. ಎದ್ದು ಬಂದು ಅವನ ಒಂದು ಎಳೆ ಕೂದಲನ್ನು ಬೆರಳಲ್ಲಿ ಹಿಡಿದು ನೋಡಿದರು. ಆಮೇಲೆ ಒಗೆಯುವ ಕಲ್ಲಿನ ಹತ್ತಿರ ಹೋದರು. ಬಾವಿ ಕೆಟ್ಟ ಮೇಲೂ ನಾವು ಸ್ವಲ್ಪ ದಿನ ಅದೇ ನೀರು ಬಳಸುತ್ತಿದ್ದಾಗ ಆ ಕಲ್ಲಿಗೆ ಹಸಿರು ಕರೆ ಕೂತಿತ್ತಲ್ಲ, ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದರಲ್ಲ, ಅದನ್ನು ಕೂತು ನೋಡಿದರು. ಕಲ್ಲು ನೋಡಿದರು, ತಲೆ ನೋಡಿದರು. 'ಎಲ್ಡೂ ಒಂದೇ ಬಣ್ಣವೇನವ್ವಾ?' ಎಂದು ನನ್ನನ್ನು ಕೇಳಿದರು. ಒಂದೇ ಚಿಕ್ಕಪ್ಪಾ ಎಂದೆ. ನನಗೆ ಆ ಹೊತ್ತಿನಲ್ಲಿ ಮೃದುವಾಗಿ ಹೇಳುವ ತಾಳ್ಮೆ ಇರಲಿಲ್ಲ. ಎದ್ದು ಗೇಟು ತೆಗೆದುಕೊಂಡು ಹೊರಟೇಹೋದರು. ಹೋಗಲಿ, ನಿಜ ಕೇಳಿದರೆ ಎಂದಿಗೂ ಉರಿಯೇ ಇವರಿಗೆ ಎಂದುಕೊಂಡೆ.

ನಾನು ಅತ್ತು ಕೂತರೆ ಬಸ್ಸು ನಿಲ್ಲುತ್ತದೆಯೇ? ಎರಡನೇ ಕ್ರಾಸಿನಲ್ಲಿ ರಾಯಚೂರು ಕಡೆಯ ಶರಣಮ್ಮ ಎಂಬವರು ಬ್ಯೂಟಿ ಪಾರ್ಲರ್ ಇಟ್ಟಿದ್ದಾರೆ, ಅವರ ಬಾಗಿಲು ಬಡಿದೆ. ಗಂಡಸರನ್ನು ಒಳಗೆ ಕರೆಯುವುದಿಲ್ಲ ಎಂದು ಬಾಗಿಲಲ್ಲೇ ನಿಲ್ಲಿಸಿ ದೇವುವಿನ ತಲೆ ನೋಡಿ 'ಯವ್ವಾ!' ಎಂದು ಬಾಯಿ ಮುಚ್ಚಿಕೊಂಡರು. 'ಬಂಗಾರ ಮಾಡೂ ಮುಂದ ಕೂದ್ಲಾಗಿನ ಕೆಂಪೆಲ್ಲಾ ತಗದ್ಬಿಟ್ಟಾರ್ರೀ. ಖಾಲಿ ಕೂದ್ಲಕ್ಕ ಕಪ್ಪು ಬಡದ್ರ ಹಸರ ಆಗ್ತೈತ್ರಿ. ಮೊದ್ಲ ಮದರಂಗಿ ಹಚ್ಚಿ ಕೆಂಪು ತುಂಬ್ರಿ. ಆಮ್ಯಾಲ ಕಂದು ಹಚ್ರಿ, ಕಪ್ಪು ಬ್ಯಾಡ. ನೀರು ಮಾತ್ರ ಛಲೋದ ಇರಬೇಕ್ ನೋಡ್ರಿ. ಆದ್ರ ಗ್ಯಾರಂಟಿ ಕೊಡಂಗಿಲ್ರೀ ನಾ' ಎಂದರು. ಯಾರಿಗೋ ಎಂದು ನೆನೆಸಿಟ್ಟಿದ್ದ ಮದರಂಗಿಯನ್ನೇ ಕೊಟ್ಟರು, ಕಂದು ಬಣ್ಣದ ಪೊಟ್ಟಣವನ್ನೂ ಕೊಟ್ಟರು. ಛಲೋ ನೀರಿಗೆ ಎಲ್ಲಿಗೆ ಹೋಗಲಿ ಎಂದು ಯೋಚಿಸುತ್ತಾ ಮನೆಗೆ ಬಂದರೆ ಅಂಗಳದಲ್ಲಿ ಸಾಲಾಗಿ ಕ್ಯಾನುಗಳು! ಚಿಕ್ಕಪ್ಪ ತಮ್ಮ ಮನೆಯ ಕಾವೇರಿ ನೀರನ್ನು ಸೈಕಲ್ಲಿನ ಎರಡೂ ಕಡೆ ನೇತುಹಾಕಿಕೊಂಡು ಸಾಗಿಸುತ್ತಿದ್ದರು. ನನ್ನ ಮುಖ ನೋಡದೆ, 'ಇದ್ರಾಗ್ ತೊಳೀ' ಎಂದಷ್ಟೇ ಹೇಳಿ ಮತ್ತೆ ಹೋದರು. ಬಿಸಿಲಿಗೆ ಬೆವರು ಸುರಿಯುತ್ತಿದ್ದರೂ ತಲೆಯ ಟವೆಲು ಬಿಚ್ಚಲಿಲ್ಲ. ಕಾಫಿ ಕೊಟ್ಟಾಗಲೂ ಬಿಚ್ಚಲಿಲ್ಲ.

ಹಸಿರು ತೆಗೆಯುವ ಉಪಾಯ ಹೇಳಿದವಳು ಮಾರಕ್ಕ. ಹಿತ್ತಾಳೆ ಚೊಂಬಿಗೆ ಹಸಿರು ಕಟ್ಟಿದರೆ ಏನು ಹಾಕಿ ತಿಕ್ಕುತ್ತೀಯ ಎಂದು ಕೇಳಿ, ಒಂದು ಉಂಡೆ ಹುಣಸೆಹಣ್ಣು ನೆನೆಸಿ ತಂದೇಬಿಟ್ಟಳು. ನಾವಿಬ್ಬರೂ ಸೇರಿ ನಿನ್ನ ಮಗನ ತಲೆಯನ್ನು ಚೊಂಬು ಬೆಳಗಿದ ಹಾಗೆ ಬೆಳಗಿದೆವು. ಉರಿ ಎಂದು ಅವನು ಹಲ್ಲು ಕಚ್ಚಿದ, ಮಾಡಿದ್ದುಣ್ಣೋ ಮಹರಾಯ ಎಂದು ನಾನು ತಿಕ್ಕಿದೆ. ಹಸಿರು ಮುಕ್ಕಾಲು ಹೋಯಿತು. ಆಮೇಲೆ ಮದರಂಗಿ. ಅದನ್ನು ತೊಳೆದಾಗ ಕಿತ್ತಳೆ ಹಣ್ಣಿನ ಕೆಂಪು. ಈಗ ಅದರ ಮೇಲೆ ಕಂದು ಹಚ್ಚಿ ಹಜಾರದಲ್ಲಿ ಕೂರಿಸಿದ್ದೇನೆ, ಎದುರಿಗೆ ಕೂತು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಹೊತ್ತು ಇಳಿಯುತ್ತಿದೆ. ಇದೂ ಕೈಕೊಟ್ಟರೆ ಇನ್ನೊಮ್ಮೆ ಮಾಡಲು ಹೊತ್ತೂ ಇಲ್ಲ, ಅವನ ತಲೆಯಲ್ಲಿ ತ್ರಾಣವೂ ಇಲ್ಲ. ಬಾಚಣಿಗೆಗೆ ಆಗಲೇ ಉದುರಿದ ಕೂದಲು ಸುತ್ತಿಕೊಂಡಿದೆ. ದೇವು ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟಿದ್ದಾನೆ. ಈಗಷ್ಟೇ ಒಂದು ಮಾತು ಕೇಳಿದ, 'ಅಕ್ಕಾ, ಅಪ್ಪ ಕೈ ಮಡಗ್ದಾಗ ಗೊತ್ತಾಗ್ತದಾ?' ಎಂದು. ಬರೆಯುವ ನೆಪದಲ್ಲಿ ತಲೆ ಎತ್ತಲಿಲ್ಲ. ಅಪ್ಪನಿಗೆ ಏನಾದರೂ ಆದರೆ ಎಂಬ ಭಯ ನಮ್ಮಿಬ್ಬರ ನಡುವೆ ಕೂತಿದೆ ಅಮ್ಮಾ, ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ ಅಷ್ಟೇ. ಇರು, ತೊಳೆಯುವ ಹೊತ್ತಾಯಿತು.

ತೊಳೆದೆ ಅಮ್ಮಾ. ಚಿಕ್ಕಪ್ಪನ ಕೊನೆಯ ಕ್ಯಾನಿನ ನೀರಿನಲ್ಲಿ ತೊಳೆದೆ. ಒದ್ದೆಯಲ್ಲಿದ್ದಾಗ ಏನೂ ತಿಳಿಯಲಿಲ್ಲ, ಟವೆಲಿನಲ್ಲಿ ಒತ್ತಿ, ಫ್ಯಾನಿನ ಕೆಳಗೆ ನಿಲ್ಲಿಸಿ, ಉಸಿರು ಬಿಗಿಹಿಡಿದು ನೋಡಿದೆ. ಕಪ್ಪು ಎನ್ನಲು ಬರುವುದಿಲ್ಲ. ಬೆಂದ ಹುರುಳಿಯ ಬಣ್ಣ. ಬಿಸಿಲಲ್ಲಿ ಸುತ್ತಿದ ಹುಡುಗರ ತಲೆ ಬೇಸಿಗೆಯಲ್ಲಿ ಇರುತ್ತದಲ್ಲ, ಹಾಗಿದೆ. ನಮ್ಮ ದೇವುವೇ ಅನ್ನಿಸುತ್ತಾನೆ! ನನಗೆ ಅಷ್ಟು ಸಾಕು. ಅವನು ಕನ್ನಡಿ ತಿರುಗಿಸಿ ನೋಡಿಕೊಂಡು ಅಲ್ಲೇ ನಿಂತು ಅತ್ತ, ಬಂಗಾರದ ಕೂದಲಲ್ಲಿ ಮೆರೆದವನು. ನಾನು ಬೈಯಲಿಲ್ಲ. ಒಂದು ಮುದ್ದೆ ತಿನ್ನಿಸಿದೆ.

ಈಗ ನೀನು ಮಾಡಬೇಕಾದ್ದು ಇಷ್ಟು. ಅವನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಬೇಡ, ಬಿಸಿಲು ಬಿದ್ದರೆ ಕೆಂಪು ಹೊಡೆಯುತ್ತದೆ. ಹಣೆಯ ಅಂಚಿನಲ್ಲಿ ಕೂದಲು ತುಂಡಾಗಿದೆ, ಅಪ್ಪ ಕೇಳಿದರೆ ಜ್ವರ ಬಂದಿತ್ತು ಎನ್ನು. ಕಿವಿಯ ತುದಿಯ ಕಲೆಯನ್ನು ಎಷ್ಟು ತಿಕ್ಕಿದರೂ ತೆಗೆಯಲಾಗಲಿಲ್ಲ. ಮುಟ್ಟಿದರೆ ತೆಂಗಿನ ನಾರು, ಅದೇ ನನಗೆ ದೊಡ್ಡ ಚಿಂತೆ. ಚೀಲದಲ್ಲಿ ಹರಳೆಣ್ಣೆಯ ಸೀಸೆ ಇದೆ. ಒಳಗೆ ಕಳಿಸುವ ಮುಂಚೆ ನೀನೇ ನಿನ್ನ ಕೈಯಾರೆ ಅವನ ತಲೆಗೆ ಚೆನ್ನಾಗಿ ಹಚ್ಚಿ ಬಾಚು. ಎಣ್ಣೆ ಹಚ್ಚಿದ ತಲೆಯ ಮೇಲೆ ಕೈ ಇಟ್ಟರೆ ಅಪ್ಪನಿಗೆ ಎಣ್ಣೆಯೇ ಗೊತ್ತಾಗುತ್ತದೆ. ವಾಸಿಯಾಗಿ ಮನೆಗೆ ಬಂದ ಮೇಲೆ ನಾನೇ ಎಲ್ಲವನ್ನೂ ಅಪ್ಪನಿಗೆ ಹೇಳುತ್ತೇನೆ, ಬೈದರೆ ನನ್ನನ್ನೇ ಬೈಯಲಿ. ಬೈಯುವಷ್ಟು ಉಸಿರು ಬರಲಿ ಎಂದೇ ನಾನು ದೇವರಿಗೆ ಕೈಮುಗಿಯುತ್ತಿರುವುದು.

ಅಪ್ಪನ ಪಾದಕ್ಕೆ ನನ್ನ ನಮಸ್ಕಾರ ಹೇಳು. ಗುರುವಾರ ಬೆಳಿಗ್ಗೆ ನಾನು ದೇವರ ಮುಂದೆ ದೀಪ ಹಚ್ಚಿ ಕೂತಿರುತ್ತೇನೆ. ಅಪ್ಪ ಕಣ್ಣು ಬಿಟ್ಟ ಕೂಡಲೇ ಚನಬಸಪ್ಪನವರ ಅಂಗಡಿಗೆ ಫೋನು ಮಾಡು. ಈ ಸಲ ಬೀದಿಯವರೆಲ್ಲ ಅಲ್ಲೇ ನಿಂತಿರುತ್ತಾರೆ, ಸುದ್ದಿ ಹಬ್ಬಿಸುವ ಕೆಲಸ ನನಗಿಲ್ಲ.

ನಿನ್ನ ಮಗಳು,
ಜ್ಯೋತಿಲಕ್ಷ್ಮಿ

ಮರೆತದ್ದಲ್ಲ, ಈಗ ಗೊತ್ತಾದದ್ದು: ಅಮ್ಮಾ, ಕವರಿಗೆ ಅಂಟು ಹಚ್ಚುತ್ತಿದ್ದೆ. ಚಿಕ್ಕಪ್ಪ ಶರ್ಟು ಹಾಕಿಕೊಂಡು, ಕೈಚೀಲ ಹಿಡಿದು ಬಂದು, ನಾನೂ ದೇವು ಜೊತೆ ಬಸ್ಸಿಗೆ ಹೋಗುತ್ತೇನೆ ಎಂದರು. ಬಗ್ಗಿ ಕ್ಯಾನು ಎತ್ತುವಾಗ ಟವೆಲು ಜಾರಿತು. ತಲೆ ಬೋಳು. ಮೀಸೆಯಿಲ್ಲ ಎಂಬುದನ್ನೂ ನಾನು ಆಗಲೇ ಗಮನಿಸಿದ್ದು, ಮಧ್ಯಾಹ್ನದಿಂದ ಅವರ ಮುಖವನ್ನೇ ನೆಟ್ಟಗೆ ನೋಡಿರಲಿಲ್ಲ. ಮಾರಕ್ಕನ ಅಳು ಕೇಳಿದ ಚಿಕ್ಕಪ್ಪ ಮೊದಲು ನಮ್ಮ ಮನೆಗೆ ಬಂದಿಲ್ಲ, ನೇರ ನಿಂಗಪ್ಪನ ಅಂಗಳಕ್ಕೆ ಹೋಗಿದ್ದಾರೆ. ಮಂಗಳವಾರ ಕತ್ತಿ ಮುಟ್ಟದ ನಿಂಗಪ್ಪ, ಸಾವಿಗೆ ವಾರ ಯಾವುದು ಎಂದು ಬೋಳಿಸಿಕೊಟ್ಟಿದ್ದಾನೆ. ಯಾಕೆ ಚಿಕ್ಕಪ್ಪಾ ಅಷ್ಟು ಅವಸರ ಮಾಡಿದಿರಿ ಎಂದರೆ, 'ಮುಟ್ಬಾರ್ದು ಅಂದಿದ್ನಲ್ಲವ್ವಾ ಅಣ್ಣ. ಬೋಳಿಸ್ಕಂಡ್ ಬಂದ್ರೆ ತಮ್ಮ ಅಲ್ಲ ಅಂತ ಯಾರ್ ತಳ್ತಾರೆ, ಎಗಲು ಕೊಡಾಕಾದ್ರೂ ಬಿಡ್ತಾರೆ ಅಂತ' ಎಂದು ಟವೆಲು ಸುತ್ತಿಕೊಂಡರು. ದೇವುವಿನ ತಲೆಗೆ ಬಣ್ಣ ಹಚ್ಚಿ ಮುಚ್ಚಿದೆ, ಇವರ ತಲೆಗೆ ಹಚ್ಚುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಅವರು ಟೀ ಅಂಗಡಿಯ ಆಚೆ, ದೇವುವಿನ ಹಿಂದೆ ನಿಂತಿರುತ್ತಾರೆ, ಒಳಗೆ ಬರುತ್ತೇನೆ ಎಂದು ಅವರಾಗಿ ಕೇಳುವುದಿಲ್ಲ. ಅಪ್ಪನಿಗೆ ಈಗ ಹೇಳುತ್ತೀಯೋ, ವಾಸಿಯಾದ ಮೇಲೆ ಹೇಳುತ್ತೀಯೋ, ಅಪ್ಪನ ಎದೆ ಎಷ್ಟು ತಡೆಯುತ್ತದೆ ಎಂದು ಪಕ್ಕದಲ್ಲಿರುವ ನಿನಗೇ ಗೊತ್ತು. ಆದರೆ ಅವರನ್ನು ಗೇಟಿನಿಂದಲೇ ವಾಪಸ್ಸು ಕಳಿಸಬೇಡಮ್ಮಾ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಹುರಿಹಿಟ್ಟಿನಲ್ಲಿ ಅವರಿಗೂ ಸ್ವಲ್ಪ ಕಲಸಿಕೊಡು.